ಹತ್ತು ತಿಂಗಳ ಮೇಡಂ ಕಲಿತ ಸ್ಪ್ಯಾನಿಷ್

ನಾನು ಸ್ಪ್ಯಾನಿಷ್ ಕಲಿತದ್ದು ಮೂಡುಬಿದಿರೆ ಕಡೆಯ ಒಂದು ಸಣ್ಣ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ, ಚಪ್ಪಲಿ ಹೊರಗೆ ಬಿಟ್ಟು. ಭಾಷೆಯ ಮೇಲಿನ ಭಕ್ತಿಯಿಂದ ಬಿಟ್ಟದ್ದಲ್ಲ. ಕಂಪ್ಯೂಟರಿಗೆ ಧೂಳು ತಾಗಬಾರದೆಂದು ಯಾರೋ ಪ್ರಾಂಶುಪಾಲರ ಕಿವಿಯಲ್ಲಿ ಊದಿದ್ದರು. ಅಂದಿನಿಂದ ಆ ಕೋಣೆಗೆ ಎಲ್ಲರೂ ಬರಿಗಾಲಿನಲ್ಲೇ ಹೋಗಬೇಕಿತ್ತು. ಚಿಲಕ ಮುರಿದ ಕಿಟಕಿಯಿಂದ ಧೂಳು ಧಾರಾಳವಾಗಿ ಬರುತ್ತಿತ್ತು. ಅದಕ್ಕೆ ಯಾವ ನಿಯಮವೂ ಇರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಮ್ಮ ಕಡೆಗೆ ಬ್ರಾಡ್‌ಬ್ಯಾಂಡ್ ಆಗಷ್ಟೇ ಬಂದಿತ್ತು. ಆ ಕಾಲೇಜಿನಲ್ಲಿ ನಾನು ಹಿಂದಿ ಕಲಿಸುತ್ತಿದ್ದೆ. ಜೂನಿನಲ್ಲಿ ನೇಮಕ, ಮಾರ್ಚಿನ ಕೊನೆಗೆ ಬಿಡುಗಡೆ, ಜೂನಿನಲ್ಲಿ ಮತ್ತೆ ಹೊಸತಾಗಿ ನೇಮಕ. ವರ್ಷ ವರ್ಷವೂ ಹೊಸ ಮದುಮಗಳ ಹಾಗೆ ಅರ್ಜಿ ಹಿಡಿದುಕೊಂಡು ಹೋಗಿ ನಿಲ್ಲಬೇಕು. ಖಾಯಂ ಇದ್ದವರು ಏಪ್ರಿಲ್, ಮೇ ತಿಂಗಳನ್ನು ರಜೆ ಎನ್ನುತ್ತಿದ್ದರು. ನನಗೆ ಅದು ಕೆಲಸ ಇಲ್ಲದ ಕಾಲ. ಆಗ ನಾನು ವಾಮದಪದವಿನಲ್ಲಿ ಅಪ್ಪನ ಹೋಟೆಲಿನ ಗಲ್ಲೆಯಲ್ಲಿ ಕೂತು ಬಿಲ್ಲಿನ ದುಡ್ಡು ತೆಗೆದುಕೊಳ್ಳುತ್ತಿದ್ದೆ. ಚಾ ಕುಡಿಯಲು ಬಂದ, ನಮ್ಮ ಕಾಲೇಜಿನ ಮಕ್ಕಳ ತಂದೆತಾಯಂದಿರು, "ಎಂತ ಮೇಡಂ, ನೀವು ಇಲ್ಲಿಯಾ?" ಎಂದು ಕೇಳುತ್ತಿದ್ದರು. ಗೊತ್ತಿದ್ದೇ ಕೇಳುವ ಪ್ರಶ್ನೆ ಅದು. ಕೇಳಿ ಆದ ಮೇಲೆ ಅವರ ಮುಖದಲ್ಲಿ ಗೋಳಿಬಜೆ ತಿಂದದ್ದಕ್ಕಿಂತ ಹೆಚ್ಚಿನ ತೃಪ್ತಿ ಕಾಣುತ್ತಿತ್ತು.

ಅಪ್ಪನೂ ಕಡಿಮೆಯವರಲ್ಲ. ಒಂದು ಸಲ ತುಳುವಿನಲ್ಲಿ ಅವರು ಹೇಳಿದ್ದರ ಕನ್ನಡ ಇಷ್ಟು: "ನಮ್ಮ ದೋಸೆ ಹೊಯ್ಯುವವನಿಗೂ ಏಪ್ರಿಲಿನಲ್ಲಿ ಕೆಲಸ ಉಂಟು. ಎಂ.ಎ. ಮಾಡಿದ ನಿನಗೆ ಇಲ್ಲ." ದೋಸೆ ಹೊಯ್ಯುವವನು ಅಲ್ಲೇ ಇದ್ದ. ಅವನು ತಲೆ ತಗ್ಗಿಸಿ ಕಾವಲಿಗೆ ಎಣ್ಣೆ ಸವರಿದ. ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಆ ಎರಡು ತಿಂಗಳು ಗಲ್ಲೆಯಲ್ಲಿ ಕೂರದೆ ಇರುವ ದಿನ ಬರಬೇಕು ಎಂಬುದೊಂದೇ ಆಗ ನನಗಿದ್ದ ಆಸೆ. ಬೇರೆ ದೊಡ್ಡ ಆಸೆಗಳೇನೂ ಇರಲಿಲ್ಲ.

ಆ ವರ್ಷ ಕಾಲೇಜುಗಳಿಗೆ ದರ್ಜೆ ಕೊಡುವ ಸಮಿತಿಯೊಂದು ನಮ್ಮಲ್ಲಿಗೂ ಬರುವುದೆಂದು ನಿಗದಿಯಾಯಿತು. ಸಮಿತಿ ಬರುತ್ತದೆ ಎಂದ ಕೂಡಲೇ ನಮ್ಮವರಿಗೆ ಮೈಮೇಲೆ ಬಂದ ಹಾಗಾಗುತ್ತದೆ. ಗೋಡೆಗೆ ಸುಣ್ಣ, ಲೈಬ್ರರಿಗೆ ಪರದೆ, ಶೌಚಾಲಯಕ್ಕೆ ಬೋರ್ಡು. ವಿದೇಶಿ ಭಾಷೆ ಕಲಿಸುವ ಕಾಲೇಜಿಗೆ ಹೆಚ್ಚು ಅಂಕ ಸಿಗುತ್ತದೆಂದು ಯಾರೋ ಹೇಳಿದರು. ಒಂದು ದಿನ ಪ್ರಾಂಶುಪಾಲರು ನನ್ನನ್ನು ಕರೆಸಿದರು.

"ಮೇಡಂ, ನಾವು ಸ್ಪ್ಯಾನಿಷ್ ಶುರು ಮಾಡುವ ಅಂತ ಉಂಟು."

"ಕಲಿಸುವುದು ಯಾರು ಸರ್?"

"ಅಲ್ಲಿಂದಲೇ, ಸ್ಪೇನಿನಿಂದ ಕಲಿಸ್ತಾರೆ. ಆನ್‌ಲೈನ್. ಮಕ್ಕಳ ಒಟ್ಟಿಗೆ ಕೂತು ನೋಡಿಕೊಳ್ಳಲಿಕ್ಕೆ ಇಲ್ಲಿ ಒಬ್ಬರು ಬೇಕಲ್ಲ. ನೀವು ಹಿಂದಿಯವರು. ಹಿಂದಿಯೂ ನಮಗೆ ಹೊರಗಿನದ್ದು, ಸ್ಪ್ಯಾನಿಷೂ ಹೊರಗಿನದ್ದು. ನಿಮಗೆ ಅಭ್ಯಾಸ ಉಂಟಲ್ಲ."

 ಪಕ್ಕದ ಕುರ್ಚಿಯಲ್ಲಿ ಕಾಲೇಜಿನ ಸಂಚಾಲಕರು ಕೂತಿದ್ದರು. ಮುಂಬೈಯಲ್ಲಿ ಹೋಟೆಲು ನಡೆಸಿ ಗಟ್ಟಿಯಾಗಿ, ಊರಿಗೆ ಬಂದು ಕಾಲೇಜು ಕಟ್ಟಿಸಿದವರು. ಹೋಟೆಲಿನಲ್ಲಿ ಗಿರಾಕಿಗೆ ಏನು ಬೇಕೆಂದು ಮುಖ ನೋಡಿಯೇ ತಿಳಿಯುತ್ತಿದ್ದವರಿಗೆ ನನ್ನ ಮುಖ ಓದುವುದು ಏನು ಮಹಾ ಕೆಲಸ?

"ಇದೊಂದು ಚಂದ ಮಾಡಿ ನಡೆಸಿಕೊಡಿ ಮೇಡಂ," ಎಂದರು. "ಸಮಿತಿ ಒಮ್ಮೆ ಬಂದು ಹೋಗಲಿ. ನಿಮ್ಮನ್ನು ಪರ್ಮನೆಂಟ್ ಮಾಡುವ."

ನಾನು ನಂಬಿದೆ. ನಂಬದೆ ನನಗೆ ಬೇರೆ ದಾರಿ ಎಲ್ಲಿತ್ತು?

ಮೊದಲ ತರಗತಿಯ ದಿನ ನಮ್ಮ ಜಿಲ್ಲೆಯ ದೊಡ್ಡ ರೋಗ ಎದ್ದು ಬಂತು. ಸಭಾ ಕಾರ್ಯಕ್ರಮ ಇಲ್ಲದೆ ನಮ್ಮಲ್ಲಿ ಬಾವಿಗೆ ಪಂಪು ಇಳಿಸುವುದೂ ಇಲ್ಲ. ಪ್ರಾರ್ಥನೆ, ಸ್ವಾಗತ, ಪ್ರಸ್ತಾವನೆ, ದೀಪ, ಉದ್ಘಾಟನಾ ಭಾಷಣ, ಸನ್ಮಾನ, ಅಧ್ಯಕ್ಷೀಯ ನುಡಿ, ವಂದನಾರ್ಪಣೆ. ಇಷ್ಟನ್ನೂ ಆ ಲ್ಯಾಬಿನಲ್ಲಿ, ಬರಿಗಾಲಿನಲ್ಲಿ, ಒಂದು ಮಾನಿಟರಿನ ಎದುರು ನಡೆಸಿದರು. ಪರದೆಯಲ್ಲಿದ್ದ ಸ್ಪೇನಿನ ಟೀಚರಿಗೆ ಕೊಟ್ಟದ್ದು ಒಂದು ಗಂಟೆ. ನಮ್ಮ ಮಧ್ಯಾಹ್ನ ಅಂದರೆ ಅವಳಿಗೆ ಬೆಳಗ್ಗೆ. ನನಗಿಂತ ಸಣ್ಣ ಪ್ರಾಯದವಳು, ಕೂದಲನ್ನು ಮೇಲೆತ್ತಿ ಕಟ್ಟಿ, ಕಾಫಿ ಲೋಟ ಪಕ್ಕದಲ್ಲಿಟ್ಟು ನಗುತ್ತಾ ಕೂತಿದ್ದಳು. ಪ್ರಾರ್ಥನೆಯ ಹೊತ್ತಿಗೆ ನಾವೆಲ್ಲ ಎದ್ದು ನಿಂತದ್ದನ್ನು ಕಂಡು ಪಾಪ ಅವಳೂ ಎದ್ದು ನಿಂತಳು. ಆಗ ಅವಳ ಸೊಂಟ ಮಾತ್ರ ಕಾಣಿಸಿತು. ಸಂಚಾಲಕರು ನಾಚಿ ಬೇರೆ ಕಡೆ ನೋಡಿದರು.

ಸನ್ಮಾನದ ಸರದಿ ಬಂತು. ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ ಎಲ್ಲ ಹರಿವಾಣದಲ್ಲಿ ತಯಾರಿತ್ತು. ತಂದ ಮೇಲೆ ಯಾರಿಗಾದರೂ ಹೊದಿಸಲೇಬೇಕಲ್ಲ. ಸಂಚಾಲಕರು ಎದ್ದು ಶಾಲನ್ನು ಬಿಡಿಸಿ ಮಾನಿಟರಿಗೆ ಹೊದಿಸಿದರು. ಹಾರವನ್ನೂ ಹಾಕಿದರು. ಹಾರದ ನಡುವೆ ಆ ಹುಡುಗಿಯ ಮುಖ ತೀರಿಹೋದವರ ಫೋಟೋದ ಹಾಗೆ ಕಂಡಿತು. ಹಣ್ಣಿನ ಬುಟ್ಟಿಯನ್ನು ಕೀಬೋರ್ಡಿನ ಮೇಲಿಟ್ಟರು. ಫೋಟೋ ತೆಗೆದರು. ಕ್ಯಾಮೆರಾ ಇದ್ದದ್ದು ಮಾನಿಟರಿನ ನೆತ್ತಿಯ ಮೇಲೆ, ಈಗ ಅದು ಶಾಲಿನ ಅಡಿಯಲ್ಲಿ. ಅವಳ ಕಡೆ ಎಲ್ಲ ಕತ್ತಲೆಯಾಗಿರಬೇಕು. ಮುಂದಕ್ಕೆ ಬಗ್ಗಿ, ಕಣ್ಣು ಕಿರಿದು ಮಾಡಿ, "ಓಲಾ? ಓಲಾ?" ಎಂದು ನಮ್ಮನ್ನು ಹುಡುಕಿದಳು. ಆಮೇಲೆ ಲೈನು ಕಡಿದುಹೋಯಿತು. ವಂದನಾರ್ಪಣೆ ಮಾತ್ರ ಪೂರ್ತಿಯಾಗಿ ನಡೆಯಿತು, ಯಾರನ್ನು ವಂದಿಸಬೇಕೋ ಅವಳೇ ಇಲ್ಲದೆ. ಅಂದು ನಾವು ಕಲಿತ ಸ್ಪ್ಯಾನಿಷ್ "ಓಲಾ" ಒಂದೇ.

ಮತ್ತೆ ತರಗತಿಗಳು ಶುರುವಾದವು. ಹೆಸರು ಕೊಟ್ಟವರು ಲ್ಯಾಬಿನ ತುಂಬ ಇದ್ದರು. ಯಾಕೆ ಕಲಿಯುತ್ತೀರಿ ಎಂದು ಕೇಳಿದರೆ ಉತ್ತರ ಒಂದೇ: "ಸರ್ಟಿಫಿಕೇಟ್ ಸಿಗ್ತದಲ್ಲ ಮೇಡಂ." ಅಣ್ಣನೋ ಮಾವನೋ ಗಲ್ಫಿನಲ್ಲಿರುವ ಮಕ್ಕಳೇ ಹೆಚ್ಚು. ಗಲ್ಫಿನಲ್ಲಿ ಸ್ಪ್ಯಾನಿಷ್ ಯಾರು ಮಾತಾಡುತ್ತಾರೆಂದು ಒಬ್ಬರೂ ಕೇಳಿಕೊಂಡಿರಲಿಲ್ಲ. ಅಲ್ಲಿಗೆ ಬೇಕಾದ ಅರಬಿಯನ್ನು ಯಾವ ಕಾಲೇಜೂ ಕಲಿಸುತ್ತಿರಲಿಲ್ಲ, ಅದಕ್ಕೆ ಸಮಿತಿ ಅಂಕ ಕೊಡುತ್ತದೆಂದು ಯಾರೂ ಹೇಳಿರಲಿಲ್ಲವಾದ್ದರಿಂದ.

ಕಲಿಯುವುದು ಎಂದರೆ ನಮ್ಮ ಮಕ್ಕಳಿಗೆ ಬಾಯಿಪಾಠ ಮಾಡುವುದು. ಬಾಲವಾಡಿಯಿಂದ ಡಿಗ್ರಿಯ ತನಕ ನಾವೇ ಅವರನ್ನು ಹಾಗೆ ಮಾಡಿದ್ದೇವೆ. ಟೀಚರ್ ಒಂದು ಪಾಠ ಕಳಿಸಿದ್ದಳು, ಯಾರೋ ಒಬ್ಬನು ತನ್ನ ಪರಿಚಯ ಹೇಳಿಕೊಳ್ಳುವ ಪಾಠ. ನಿಮ್ಮ ಪರಿಚಯ ಹೀಗೆ ಬರೆದುಕೊಂಡು ಬನ್ನಿ ಎಂದಿದ್ದಳು. ಮರುವಾರ ಎಲ್ಲರೂ ಒಬ್ಬರಾದ ಮೇಲೆ ಒಬ್ಬರು ಎದ್ದು ನಿಂತು, ಕೈ ಕಟ್ಟಿ, ಆ ಪಾಠವನ್ನೇ ಒಪ್ಪಿಸಿದರು. ಎಲ್ಲರೂ ಸಮುದ್ರದ ಹತ್ತಿರದ ಒಂದು ಸ್ಪೇನಿನ ಪಟ್ಟಣದಲ್ಲಿ ಹುಟ್ಟಿದ್ದರು. ಎಲ್ಲರ ತಂದೆಯೂ ವೈದ್ಯರು. ಎಲ್ಲರಿಗೂ ಹಂದಿಮಾಂಸ ಬಲು ಇಷ್ಟ. ಈರುಳ್ಳಿಯನ್ನೂ ಮುಟ್ಟದ ಜೈನರ ಹುಡುಗ ಅದನ್ನು ಎಲ್ಲರಿಗಿಂತ ಸ್ಪಷ್ಟವಾಗಿ ಹೇಳಿದ. ಬ್ಯಾರಿ ಮುಸ್ಲಿಮರ ಹುಡುಗಿಯೊಬ್ಬಳು ಎರಡು ಸಲ ಹೇಳಿದಳು, ಮೊದಲ ಸಲ ಉಚ್ಚಾರ ಸರಿ ಬರಲಿಲ್ಲ ಅಂತ.

ತರಗತಿ ಮುಗಿದ ಮೇಲೆ, ಮೊದಲೇ ನಿಘಂಟು ನೋಡಿಟ್ಟಿದ್ದ ನಾನು ಅರ್ಥ ಹೇಳಿದೆ. ಹುಡುಗಿ ಬಾಯಿಗೆ ಕೈ ಇಟ್ಟುಕೊಂಡಳು.

"ಎಂತ ಮೇಡಂ ಇದು. ಮೊದಲೇ ಹೇಳಲಿಕ್ಕೆ ಆಗುದಿಲ್ಲವಾ?"

"ಕೇಳಿದ್ದರೆ ಹೇಳ್ತಿದ್ದೆ."

"ಅರ್ಥ ಎಲ್ಲ ಪರೀಕ್ಷೆಗೆ ಉಂಟಾ ಮೇಡಂ?"

ಅರ್ಥ ಪರೀಕ್ಷೆಗೆ ಇಲ್ಲ ಎಂದಾದರೆ ಅವರಿಗೆ ಅದು ಬೇಡ. ಮುಂದಿನ ವಾರದಿಂದ ಹುಡುಗಿ ಹಂದಿಯನ್ನು ತೆಗೆದು ಮೀನು ಹಾಕಿಕೊಂಡಳು, ಜೈನರ ಹುಡುಗ ಅನ್ನ ಹಾಕಿಕೊಂಡ. ಸಮುದ್ರದ ಪಟ್ಟಣವೂ ವೈದ್ಯ ತಂದೆಯೂ ಹಾಗೆಯೇ ಉಳಿದರು.

ಇವರನ್ನೆಲ್ಲ ತಮಾಷೆ ಮಾಡುತ್ತಾ ಮಾಡುತ್ತಾ ನಾನೇ ನಿಜಕ್ಕೂ ಕಲಿಯತೊಡಗಿದೆ. ಕಾಲೇಜಿಗೆ ಬಸ್ಸು ಬದಲಿಸಿ ಹೋಗಬೇಕಿತ್ತು. ಬಸ್ಸಿನ ಸೀಟಿನಲ್ಲಿ ಕೂತು ವಾರದ ದಿನಗಳು, ತಿಂಗಳುಗಳು, ಹೌದು, ಅಲ್ಲ, ಇಲ್ಲ ಎಂದು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದೆ. ಕಂಡಕ್ಟರ್ ನಾನು ಜಪ ಮಾಡುತ್ತಿದ್ದೇನೆಂದು ಭಾವಿಸಿ ಟಿಕೇಟು ಕೇಳಲು ಕಾಯುತ್ತಿದ್ದ. ಹಿಂದಿಯನ್ನು ನಾನು ಹೊಟ್ಟೆಪಾಡಿಗೆ ಕಲಿಸಿದವಳು, ಅದರಲ್ಲಿ ನನ್ನ ಮನಸ್ಸಿನ ಒಂದು ಮಾತನ್ನೂ ಯಾರೊಡನೆಯೂ ಆಡಿದ್ದಿಲ್ಲ. ಇಲ್ಲಿ ಸ್ಪೇನಿನ ಈ ಹುಡುಗಿ ಇಂಟರ್‌ನೆಟ್ಟು ಕಡಿಯುವ ಎಡೆಯಲ್ಲೂ ನನ್ನನ್ನು ಏನಾದರೂ ಕೇಳುತ್ತಿದ್ದಳು. ನಿನ್ನೆ ಏನು ತಿಂದೆ, ನಿನ್ನ ಊರಿನಲ್ಲಿ ನದಿ ಉಂಟೇ, ನಿನ್ನ ತಂದೆ ಏನು ಮಾಡುತ್ತಾರೆ. ಹೋಟೆಲು ಎಂದಾಗ ಅವಳಿಗೆ ಖುಷಿಯೋ ಖುಷಿ. ಅವಳ ತಂದೆಯದೂ ಹೋಟೆಲೇ ಅಂತೆ. ನಾನು ಅಷ್ಟು ವರ್ಷ ಕೆಲಸ ಮಾಡಿದ ಕಾಲೇಜಿನಲ್ಲಿ ನನ್ನ ತಂದೆಯ ಬಗ್ಗೆ ಯಾರೂ ಕೇಳಿರಲಿಲ್ಲ. ಕೇಳಿದ್ದು ಸ್ಟಾಫ್ ರೂಮಿಗೆ ಗೋಳಿಬಜೆ ತರಿಸಲಿಕ್ಕೆ ಮಾತ್ರ.

ದೀಪಾವಳಿ ಕಳೆಯುವಾಗ ಲ್ಯಾಬು ಅರ್ಧ ಖಾಲಿಯಾಗಿತ್ತು, ಕ್ರಿಸ್‌ಮಸ್ ಬರುವಾಗ ಒಂದೇ ಬೆಂಚಿನ ಮಕ್ಕಳು ಉಳಿದಿದ್ದರು. ಹಾಜರಿ ಪುಸ್ತಕದಲ್ಲಿ ಎಲ್ಲರೂ ಇದ್ದರು, ಪ್ರಾಂಶುಪಾಲರ ಕೃಪೆಯಿಂದ.

ಫೆಬ್ರವರಿಯಲ್ಲಿ ಸಮಿತಿ ಬಂತು. ಹಿಂದಿನ ದಿನ ಪ್ರಾಂಶುಪಾಲರು ಒಬ್ಬೊಬ್ಬರನ್ನೇ ಕರೆದು ಏನು ಹೇಳಬೇಕು, ಏನು ಹೇಳಬಾರದು ಎಂದು ತಿಳಿಸಿದರು. ನನ್ನ ಸರದಿ ಬಂದಾಗ ದನಿ ಸ್ವಲ್ಪ ತಗ್ಗಿಸಿದರು.

"ಮೇಡಂ, ಕೇಳಿದರೆ ಪರ್ಮನೆಂಟ್ ಅಂತ ಹೇಳಿಬಿಡಿ. ಪೇಪರಿನಲ್ಲಿಯೂ ಹಾಗೆಯೇ ತೋರಿಸಿದ್ದೇವೆ."

"ಅದು ಸುಳ್ಳಲ್ವಾ ಸರ್?"

"ಎಂತದ್ದು ಸುಳ್ಳು ಮಾರಾಯ್ರೆ. ಹೇಗೂ ಮಾಡುವುದೇ ಅಲ್ವಾ? ಸ್ವಲ್ಪ ಮೊದಲೇ ಹೇಳಿದ ಹಾಗೆ ಅಷ್ಟೆ."

ಮರುದಿನ ಸಮಿತಿಯವರಿಗೆ ಬೆಳಗ್ಗೆ ನೀರುದೋಸೆ, ಮಧ್ಯಾಹ್ನ ಕೋರಿರೊಟ್ಟಿ. ತಿಂದು ಕಣ್ಣು ಎಳೆಯುವ ಹೊತ್ತಿಗೆ ಅವರನ್ನು ಲ್ಯಾಬಿಗೆ ಕರೆತಂದರು. ಬಿಟ್ಟುಹೋದ ಮಕ್ಕಳನ್ನೆಲ್ಲ ಮನೆ ಮನೆಗೆ ಫೋನ್ ಮಾಡಿ ಕರೆಸಿ ಕೂರಿಸಿದ್ದರು. ಸಮಿತಿಯ ಅಧ್ಯಕ್ಷರು ಉತ್ತರದ ಕಡೆಯ ಒಬ್ಬ ನಿವೃತ್ತ ಪ್ರೊಫೆಸರು. ನನ್ನನ್ನು ನೋಡಿ ಇಂಗ್ಲಿಷಿನಲ್ಲಿ ಕೇಳಿದರು, ಈ ಕೋರ್ಸು ನಡೆಸುವವರು ನೀವೇ ಏನು, ನೀವು ಖಾಯಂ ಅಧ್ಯಾಪಕಿಯೇ ಎಂದು. ಪ್ರಾಂಶುಪಾಲರು ನೆಲ ನೋಡಿದರು. ಸಂಚಾಲಕರು ನನ್ನನ್ನೇ ನೋಡಿದರು.

"ಯೆಸ್ ಸರ್," ಎಂದೆ.

ಎರಡೇ ಶಬ್ದ. ಹೇಳಿ ಆದ ಮೇಲೆ ನನ್ನ ಮೇಲೆಯೇ ನನಗೆ ಹೇಸಿಗೆ ಆಯಿತು. ಆ ಗಂಡಸರ ಮೇಲೆ ಅದಕ್ಕಿಂತ ಹೆಚ್ಚು.

ಪರದೆಯಲ್ಲಿ ಟೀಚರ್ ಬಂದಳು. ಮಕ್ಕಳು ಎದ್ದು ವೈದ್ಯ ತಂದೆಯನ್ನೂ ಸಮುದ್ರದ ಪಟ್ಟಣವನ್ನೂ ಒಪ್ಪಿಸಿದರು. ಸಮಿತಿಯವರು ತಲೆದೂಗಿದರು. ಆಮೇಲೆ ಟೀಚರ್ ನನ್ನ ಕಡೆ ತಿರುಗಿ, ಈಗ ನೀನು ಹೇಳು, ನಿನ್ನ ಕೆಲಸದ ಬಗ್ಗೆ ಹೇಳು ಎಂದಳು. ಅದು ಆ ವಾರದ ಪಾಠವಷ್ಟೇ, ಅವಳಿಗೆ ಬೇರೇನೂ ಗೊತ್ತಿರಲಿಲ್ಲ.

ನಾನು ಎದ್ದು ನಿಂತೆ. ನನ್ನಲ್ಲಿ ಇದ್ದದ್ದು ಸ್ವಲ್ಪವೇ ಭಾಷೆ, ಬಾಲವಾಡಿಯ ಮಗುವಿನಷ್ಟು. ಅದರಲ್ಲೇ ಹೇಳಿದೆ: ನಾನು ಶಿಕ್ಷಕಿ. ಜೂನಿನಲ್ಲಿ ಶಿಕ್ಷಕಿ, ಮಾರ್ಚಿನಲ್ಲಿ ಶಿಕ್ಷಕಿ. ಏಪ್ರಿಲಿನಲ್ಲಿ ಶಿಕ್ಷಕಿ ಅಲ್ಲ, ಮೇಯಲ್ಲಿ ಶಿಕ್ಷಕಿ ಅಲ್ಲ. ಈ ಮಹನೀಯರು ಹೇಳುತ್ತಾರೆ, ನಾನು ಹನ್ನೆರಡು ತಿಂಗಳ ಶಿಕ್ಷಕಿ ಎಂದು. ಅದು ನಿಜ ಅಲ್ಲ. ಇವತ್ತು ನಾನೂ ಹೌದು ಎಂದೆ. ಅದೂ ನಿಜ ಅಲ್ಲ.

ತಿಂಗಳುಗಳ ಹೆಸರು ಬಂದಾಗ ಅಧ್ಯಕ್ಷರ ಮುಖ ನೋಡಿದೆ. ಸ್ಪ್ಯಾನಿಷಿನ ಏಪ್ರಿಲ್ ಕೇಳಲು ಏಪ್ರಿಲಿನ ಹಾಗೆಯೇ ಇರುತ್ತದೆ. ಅಧ್ಯಕ್ಷರು ಅದನ್ನು ಕೇಳಿ ಬಹಳ ಮೆಚ್ಚುಗೆಯಿಂದ ತಲೆಯಾಡಿಸಿದರು. ನಾನು ಹವೆಯ ಬಗ್ಗೆ ಹೇಳುತ್ತಿದ್ದೇನೆಂದು ತಿಳಿದಿರಬೇಕು. ಇಡೀ ಕೋಣೆಯಲ್ಲಿ ಒಬ್ಬರಿಗೂ ಏನೂ ತಿಳಿಯಲಿಲ್ಲ, ಆರು ತಿಂಗಳು ಅದೇ ಭಾಷೆ ಕಲಿತ ಮಕ್ಕಳಿಗೂ. ಪರದೆಯಲ್ಲಿದ್ದವಳ ನಗು ಮಾತ್ರ ನಿಂತಿತು. ಅವಳು ಮೆಲ್ಲಗೆ, ಯಾಕೆ, ಎಂದು ಕೇಳಿದಳು. ಅಷ್ಟರಲ್ಲಿ ಚಪ್ಪಾಳೆ ಬಿತ್ತು.

ಇದನ್ನು ಓದಿ ನನ್ನನ್ನು ಧೈರ್ಯವಂತೆ ಎಂದುಕೊಳ್ಳಬೇಡಿ. ಯಾರಿಗೂ ತಿಳಿಯದ ಭಾಷೆಯಲ್ಲಿ ನಿಜ ಹೇಳಲು ಎಷ್ಟು ಧೈರ್ಯ ಬೇಕು? ಆದರೂ ಹೇಳಿದ್ದು ಒಳ್ಳೆಯದಾಯಿತು ಅನಿಸಿತು, ಈಗಲೂ ಅನಿಸುತ್ತದೆ.

ಸಮಿತಿ ಹೊರಗೆ ಹೋದ ಮೇಲೆ ಪ್ರಾಂಶುಪಾಲರು ಹತ್ತಿರ ಬಂದರು.

"ಭಾರಿ ಲಾಯ್ಕ ಆಯ್ತು ಮೇಡಂ. ಎಂತ ಹೇಳಿದ್ದು ನೀವು?"

"ಕಾಲೇಜಿನ ಬಗ್ಗೆ ಸರ್."

"ಒಳ್ಳೆಯದೇ ಹೇಳಿದ್ದಲ್ವಾ?"

"ಇದ್ದದ್ದು ಹೇಳಿದೆ ಸರ್."

"ಸಾಕು, ಸಾಕು," ಎಂದು ಅವರು ಸಮಾಧಾನದಿಂದ ಹೋದರು.

ಕಾಲೇಜಿಗೆ ಒಳ್ಳೆಯ ದರ್ಜೆಯೇ ಸಿಕ್ಕಿತು. ವರದಿಯಲ್ಲಿ ಸ್ಪ್ಯಾನಿಷಿನ ಬಗ್ಗೆ ಒಂದು ಪ್ಯಾರಾವೇ ಇತ್ತು, ಕಾಲೇಜಿನ ಖಾಯಂ ಅಧ್ಯಾಪಕಿಯೊಬ್ಬರು ಅದನ್ನು ಶ್ರದ್ಧೆಯಿಂದ ನಡೆಸುತ್ತಿದ್ದಾರೆಂದು. ಪ್ರಾಂಶುಪಾಲರು ಅದನ್ನು ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿದರು. ಎಲ್ಲರಿಗೂ ಮೈಸೂರುಪಾಕು ಹಂಚಿದರು. ಮಾರ್ಚಿನ ಕೊನೆಗೆ ಎಂದಿನಂತೆ ನನ್ನನ್ನು ಬಿಡುಗಡೆ ಮಾಡಿದರು. ನಾನು ಎಂದಿನಂತೆ ವಾಮದಪದವಿಗೆ ಹೋಗಿ ಗಲ್ಲೆಯಲ್ಲಿ ಕೂತೆ.

ಮೇ ತಿಂಗಳಲ್ಲಿ ಸಂಚಾಲಕರ ಮನೆಗೆ ಹೋದೆ. ಜಗಲಿಯಲ್ಲಿ ಕೂರಿಸಿದರು, ನೀರು ಬೆಲ್ಲ ಕೊಟ್ಟರು, ಅಪ್ಪನ ಆರೋಗ್ಯ ಕೇಳಿದರು. ನಮ್ಮ ಕಡೆಯ ದೊಡ್ಡವರ ಮರ್ಯಾದೆಗೆ ಏನೂ ಕಡಿಮೆ ಇಲ್ಲ. ಆ ಮರ್ಯಾದೆ ಮುಗಿಯುವ ತನಕ ಬಂದ ಕೆಲಸದ ಮಾತು ಎತ್ತುವಂತಿಲ್ಲ. ಕೊನೆಗೆ ನಾನೇ ಎತ್ತಿದೆ.

"ಸರ್, ಸಮಿತಿ ಬಂದು ಹೋದ ಮೇಲೆ ಪರ್ಮನೆಂಟ್ ಮಾಡುವ ಅಂತ ನೀವು ಹೇಳಿದ್ದಿರಿ."

 ಅವರು ಚಿಕ್ಕ ಮಗುವಿಗೆ ಲೆಕ್ಕ ಹೇಳಿಕೊಡುವವರ ಹಾಗೆ ಹೇಳಿದರು.

"ಅದೇ ಕಷ್ಟ ಆದದ್ದು ಮೇಡಂ. ನೀವು ಪರ್ಮನೆಂಟ್ ಅಂತ ಸಮಿತಿಯವರ ಎದುರು ನೀವೇ ಹೇಳಿದ್ದೀರಿ. ವರದಿಯಲ್ಲಿಯೂ ಬಂದಿದೆ. ಈಗ ನಾವು ಹೊಸತಾಗಿ ಆರ್ಡರ್ ಕೊಟ್ಟರೆ ಮೊದಲು ಹೇಳಿದ್ದು ಸುಳ್ಳು ಅಂತ ಆಗ್ತದಲ್ವಾ? ಕಾಲೇಜಿನ ದರ್ಜೆಗೇ ಕುತ್ತು. ಪೇಪರಿನಲ್ಲಿ ನೀವು ಪರ್ಮನೆಂಟೇ. ಪರ್ಮನೆಂಟ್ ಇದ್ದವರನ್ನು ಇನ್ನೊಮ್ಮೆ ಪರ್ಮನೆಂಟ್ ಮಾಡುವುದು ಹೇಗೆ, ನೀವೇ ಹೇಳಿ."

"ಹಾಗಾದರೆ ಈ ಎರಡು ತಿಂಗಳ ಸಂಬಳ ಕೊಡಿ ಸರ್. ಪರ್ಮನೆಂಟಿನವರಿಗೆ ಕೊಡ್ತೀರಲ್ಲ."

ಅವರು ನಕ್ಕರು. ನಾನು ತಮಾಷೆ ಮಾಡಿದೆನೆಂದು ತಿಳಿದರೋ, ಹಾಗೆ ತಿಳಿಯುವುದು ಅನುಕೂಲವೆಂದು ನಕ್ಕರೋ. "ಜೂನಿನಲ್ಲಿ ಬನ್ನಿ, ಅರ್ಜಿ ಕೊಡಿ," ಎಂದರು. ನಾನು ಮತ್ತೆ ಅಲ್ಲಿಗೆ ಅರ್ಜಿ ಕೊಡಲಿಲ್ಲ. ಕೊಡದೆ ಇದ್ದದ್ದು ಅವರಿಗೆ ಗೊತ್ತಾಗಿರಲಿಕ್ಕೂ ಇಲ್ಲ.

ಆ ವಾರವೇ ಟೀಚರಿಂದ ಇಮೇಲ್ ಬಂತು. ಕೋರ್ಸಿನ ಕೊನೆಯ ಮೌಖಿಕ ಪರೀಕ್ಷೆ ಬಾಕಿ ಉಂಟು, ಕಾಲೇಜಿನಿಂದ ಉತ್ತರ ಇಲ್ಲ, ನೀನಾದರೂ ಬಾ ಎಂದು. ಬಂಟ್ವಾಳ ಪೇಟೆಯ ಒಂದು ಸೈಬರ್ ಕೆಫೆಗೆ ಹೋದೆ. ಪ್ಲೈವುಡ್ಡಿನ ಸಣ್ಣ ಗೂಡು, ಎದುರು ಮಾಸಿದ ಪರದೆ, ಆಚೆಯ ಗೂಡಿನಲ್ಲಿ ಯಾರೋ ಗಲ್ಫಿನಲ್ಲಿರುವ ಗಂಡನೊಡನೆ ಬ್ಯಾರಿ ಭಾಷೆಯಲ್ಲಿ ಅಳುತ್ತಾ ಮಾತಾಡುತ್ತಿದ್ದಳು. ನನ್ನ ಟೀಚರ್ ಕಾಣಿಸಿಕೊಂಡಳು. ಹವೆ, ಊಟ, ಮನೆ, ಕುಟುಂಬ ಎಲ್ಲ ಕೇಳಿದಳು. ನಾನು ಚೆನ್ನಾಗಿಯೇ ಹೇಳಿದೆ. ಪಾಸು ಎಂದಳು.

ಆಮೇಲೆ ಪರೀಕ್ಷೆಯದ್ದಲ್ಲದ ಒಂದು ಪ್ರಶ್ನೆ ಕೇಳಿದಳು. ನನಗೆ ತಿಳಿಯಲೆಂದು ಒಂದೊಂದೇ ಶಬ್ದ ಬಿಡಿಸಿ ಕೇಳಿದಳು: ಈಗ ನೀನು ಹನ್ನೆರಡು ತಿಂಗಳ ಶಿಕ್ಷಕಿಯೇ?

ಉತ್ತರ ಹೇಳಲು ಬಾಯಿ ತೆರೆದೆ. ಪೇಪರಿನಲ್ಲಿ ಇದ್ದೇನೆ, ಕಾಲೇಜಿನಲ್ಲಿ ಇಲ್ಲ. ಇದ್ದೇನೆಂದು ನಾನೇ ಹೇಳಿದ್ದರಿಂದ ಇಲ್ಲವಾದೆ. ಇದನ್ನು ಸ್ಪ್ಯಾನಿಷಿನಲ್ಲಿ ಹೇಳುವುದು ಹೇಗೆ? ಆರಂಭದವರ ಕೋರ್ಸಿನಲ್ಲಿ ಅಷ್ಟು ಮಾತು ಕಲಿಸುವುದಿಲ್ಲ. ಹೇಳಿದ್ದರೂ ಆ ಹುಡುಗಿಗೆ ಅರ್ಥವಾಗುತ್ತಿರಲಿಲ್ಲ. ಅವಳು ಮುಖವನ್ನು ಪರದೆಯ ಹತ್ತಿರ ತಂದು ಕಾಯುತ್ತಿದ್ದಳು.

"ಸೀ," ಎಂದೆ. ಹೌದು.

ಅವಳು ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದಳು. ನೆಟ್ಟು ನಿಧಾನವಿತ್ತು, ಶಬ್ದ ಸ್ವಲ್ಪ ತಡವಾಗಿ ಬಂತು.